‘ನೀವು ಆರಾಮಾಗಿ ಕೂತ್ಕೊಳ್ಳಿ’: ವಲಸೆಯ ಬದುಕಿನಲ್ಲಿ ಮುಪ್ಪು ಮತ್ತು ವಯೋತಾರತಮ್ಯ

(ಅಂತರರಾಷ್ಟ್ರೀಯ ಹಿರಿಯರ ದಿನದ ಸಂದರ್ಭದಲ್ಲಿ ನ್ಯೂಜೆರ್ಸಿಯ ಕನ್ನಡ ಓದುಗರ ಬಳಗವೊಂದರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ಸ್ನೇಹಿತರೆ, ಹಿರಿಯರೆ,

ಈ ಎರಡು ಸಂಬೋಧನೆಗಳನ್ನು ಬೇರೆ ಬೇರೆಯಾಗಿ ಹೇಳುವುದು ನಮ್ಮ ಸಭೆಗಳ ರೂಢಿ. ಹಿರಿಯರು ಸ್ನೇಹಿತರ ಸಾಲಿನಲ್ಲಿ ಯಾಕೆ ಸೇರುವುದಿಲ್ಲ ಎಂದು ನಾವು ಕೇಳಿಕೊಂಡವರಲ್ಲ. ನಾನೂ ಇದೀಗ ಅದೇ ರೂಢಿಯಲ್ಲಿ ಮಾತು ತೆಗೆದೆ. ಇವತ್ತಿನ ವಿಷಯ ಅಲ್ಲಿಂದಲೇ ಶುರುವಾಗುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಅಮ್ಮನನ್ನು ಮಂಡಿನೋವಿಗೆಂದು ಇಲ್ಲಿಯ ವೈದ್ಯರೊಬ್ಬರ ಬಳಿ ಕರೆದುಕೊಂಡು ಹೋಗಿದ್ದೆ. ಅಮ್ಮ ತಿಪಟೂರು ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 36 ವರ್ಷ ಕನ್ನಡ ಪಾಠ ಹೇಳಿದವರು. ಅಪ್ಪ ತೀರಿಕೊಂಡ ಮೇಲೆ, ತಮ್ಮ 68ನೆಯ ವಯಸ್ಸಿನಲ್ಲಿ, ಗ್ರೀನ್ ಕಾರ್ಡ್ ಪಡೆದು ನಮ್ಮ ಜೊತೆ ಇರಲು ಬಂದರು. ವೈದ್ಯರು ಅಮ್ಮನ ಕಡೆ ನೋಡಿ ಒಮ್ಮೆ ನಕ್ಕು, ‘ಇವರಿಗೆ ಏನು ತೊಂದರೆ?’ ಎಂದು ನನ್ನನ್ನು ಕೇಳಿದರು. ನಾನು ಅಮ್ಮನನ್ನು ಕೇಳಿದೆ. ಅಮ್ಮ ಮೂರು ನಾಲ್ಕು ನಿಮಿಷ ಮಾತನಾಡಿದರು. ನಾನು ವೈದ್ಯರಿಗೆ ಒಂದೇ ವಾಕ್ಯ ಹೇಳಿದೆ: ಮೂರು ತಿಂಗಳಿಂದ ಬಲಮಂಡಿ ನೋವು, ಮೆಟ್ಟಿಲು ಇಳಿಯುವಾಗ ಹೆಚ್ಚು. ಅವರು ಬರೆದುಕೊಂಡರು, ಮಾತ್ರೆ ಕೊಟ್ಟರು, ಕಳಿಸಿದರು.

ಕಾರಿನಲ್ಲಿ ಬರುವಾಗ ಅಮ್ಮ ಕೇಳಿದರು: ‘ನಾನು ಅಷ್ಟು ಹೇಳ್ದೆ, ನೀನು ಇಷ್ಟೇ ಹೇಳ್ದೆಯಲ್ಲೇ?’

‘ಮಿಕ್ಕಿದ್ದು ಅವರಿಗೆ ಬೇಕಾಗಿರಲಿಲ್ಲ, ಅಮ್ಮ’ ಎಂದೆ.

‘ಬೇಕೋ ಬೇಡವೋ ಅಂತ ಅವ್ರು ಹೇಳ್ಬೇಕಾಗಿತ್ತು’ ಎಂದರು ಅಮ್ಮ.

ಅಮ್ಮ ಹೇಳಿದ್ದ ಆ ಮಿಕ್ಕಿದ್ದು ಏನು? ಬೆಳಿಗ್ಗೆ ಎಂಟಕ್ಕೆ ಮನೆ ಖಾಲಿಯಾಗುತ್ತದೆ. ಒಬ್ಬಳೇ ಇರುವಾಗ ಮೆಟ್ಟಿಲ ಮೇಲೆ ಬಿದ್ದರೆ ಎತ್ತುವವರಿಲ್ಲ ಎಂಬ ಹೆದರಿಕೆಯಿಂದ ಮಧ್ಯಾಹ್ನ ಕೆಳಗೆ ಇಳಿಯುವುದನ್ನೇ ಬಿಟ್ಟಿದ್ದೇನೆ. ಹಾಗಾಗಿ ಎಷ್ಟೋ ದಿನ ಮಧ್ಯಾಹ್ನದ ಊಟವಿಲ್ಲ. ಸಂಜೆ ಹೊತ್ತಿಗೆ ಕೈ ನಡುಗುತ್ತದೆ, ತಲೆ ಸುತ್ತುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಬಿಡುವುದು ಎಂಥ ಅಪಾಯವೆಂದು ನಿಮಗೆ ಹೇಳಬೇಕಾಗಿಲ್ಲ. ನನಗೂ ಗೊತ್ತಿತ್ತು. ಆದರೂ ಆ ಮಾತನ್ನು ಯಾಕೆ ನುಂಗಿದೆ? ಅದು ‘ಮನೆಯ ವಿಷಯ’ ಎನ್ನಿಸಿತು. ತಾಯಿಯನ್ನು ದಿನವಿಡೀ ಒಂಟಿಯಾಗಿ ಬಿಟ್ಟುಹೋಗುವ ಮಗಳು ಎಂದು ಆ ವೈದ್ಯರು ತಿಳಿದಾರು ಎಂಬ ನಾಚಿಕೆಯಾಯಿತು. ನನ್ನ ಮಾನ ಉಳಿಸಿಕೊಳ್ಳಲು ಅಮ್ಮನ ಮಾತನ್ನು ಕತ್ತರಿಸಿದೆ.

ಈ ಅಷ್ಟು ಮತ್ತು ಇಷ್ಟರ ನಡುವಿನ ಅಂತರಕ್ಕೆ ಒಂದು ಹೆಸರಿದೆ. ನಾವು ಅದನ್ನು ವಯೋತಾರತಮ್ಯ ಎನ್ನೋಣ. ಇಂಗ್ಲಿಷಿನಲ್ಲಿ ‘ಏಜಿಸಂ’ ಎಂಬ ಪದವನ್ನು ಟಂಕಿಸಿದವರು ಮನೋವೈದ್ಯ ರಾಬರ್ಟ್ ಬಟ್ಲರ್. ವರ್ಷ 1969. ಆ ಪದ ಹುಟ್ಟಿದ್ದು ನೆರೆಹೊರೆಯ ಒಂದು ಜಗಳದಲ್ಲಿ. ವಾಷಿಂಗ್ಟನ್ನಿನ ಅಂಚಿನ ಚೆವಿ ಚೇಸ್ ಪ್ರದೇಶದ ಕಟ್ಟಡವೊಂದನ್ನು ಬಡ ವೃದ್ಧರ ವಸತಿಗೆ ಬಳಸಬೇಕೆಂಬ ಪ್ರಸ್ತಾಪ ಬಂದಾಗ ಅಲ್ಲಿಯ ಅನುಕೂಲಸ್ಥರು ವಿರೋಧಿಸಿದರು. ಆ ವಿರೋಧದಲ್ಲಿ ಜನಾಂಗದ ಮತ್ತು ವರ್ಗದ ಅಸಹನೆಯ ಜೊತೆಗೆ ಮುಪ್ಪಿನ ಬಗೆಗಿನ ಅಸಹನೆಯೂ ಬೆರೆತಿದೆ ಎಂದು ಬಟ್ಲರ್ ಗುರುತಿಸಿದರು. ನಮ್ಮ ಬೀದಿಯಲ್ಲಿ ಯಾರು ಇರಬಹುದು, ಯಾರು ಇರಬಾರದು ಎಂಬ ಪ್ರಶ್ನೆಯಾಗಿಯೇ ಈ ಪರಿಕಲ್ಪನೆ ಹುಟ್ಟಿತೆಂಬುದನ್ನು ನಾವು ಮರೆಯಬಾರದು. ಐವತ್ತೆರಡು ವರ್ಷಗಳ ತರುವಾಯ, 2021ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಜಾಗತಿಕ ವರದಿ ಲೋಕದ ಇಬ್ಬರಲ್ಲಿ ಒಬ್ಬರು ವಯಸ್ಸಾದವರ ಬಗ್ಗೆ ತಾರತಮ್ಯದ ಧೋರಣೆ ಹೊಂದಿದ್ದಾರೆಂದು ಹೇಳಿತು.

‘ಇದೆಲ್ಲ ಪಶ್ಚಿಮದ ರೋಗ, ನಮ್ಮಲ್ಲಿ ಹಿರಿಯರಿಗೆ ಗೌರವವಿದೆ’ ಎಂಬ ಮಾತು ನಮ್ಮ ನಡುವೆ ಬಲು ಬೇಗ ಬರುತ್ತದೆ. ನಮ್ಮ ಭಾಷೆಯನ್ನೇ ಕೇಳಿ ನೋಡೋಣ. ‘ಅರವತ್ತಕ್ಕೆ ಅರಳು ಮರಳು’ ಎಂದದ್ದು ಯಾವ ಪಶ್ಚಿಮ? ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ’ ಎಂಬ ಮಾತನ್ನು ನಗುನಗುತ್ತಾ ಆಡಿದವರು ಯಾರು? ಕನ್ನಡದಲ್ಲಿ ‘ಮುದುಕ’ ಎಂಬುದು ಬೈಗುಳ, ‘ಹಿರಿಯರು’ ಎಂಬುದು ಗೌರವ. ಈ ಎರಡರ ನಡುವೆ ಸುಮ್ಮನೆ ವಯಸ್ಸಾದ ಒಬ್ಬ ಮನುಷ್ಯನನ್ನು ಕರೆಯಲು ನಮಗೆ ಪದವೇ ಸಿಕ್ಕುವುದಿಲ್ಲ. ತಿರಸ್ಕರಿಸಿದವರ ಮಾತನ್ನು ನಾವು ಕೇಳುವುದಿಲ್ಲ. ಪೂಜಿಸಿದವರ ಮಾತನ್ನೂ ಕೇಳುವುದಿಲ್ಲ. ಕಾಲಿಗೆ ನಮಸ್ಕಾರ ಮಾಡಿ ಎದ್ದ ಮೇಲೆ ನಮ್ಮ ಕೆಲಸ ಮುಗಿಯಿತು.

ಅಮ್ಮ ಇಲ್ಲಿಗೆ ಬಂದ ಮರುವರ್ಷ ನಮ್ಮ ಸುತ್ತಿನ ಸಂಘವೊಂದು ನಡೆಸುತ್ತಿದ್ದ ಭಾನುವಾರದ ಕನ್ನಡ ತರಗತಿಗೆ ಹೋಗಿ, ‘ನಾನೂ ಪಾಠ ಮಾಡಲಾ?’ ಎಂದು ಕೇಳಿದರು. ಉತ್ಸಾಹದ ಒಬ್ಬ ತರುಣ ಕುರ್ಚಿ ಎಳೆದುಕೊಟ್ಟು, ‘ಆಂಟಿ, ನಿಮಗ್ಯಾಕೆ ತೊಂದರೆ? ನೀವು ಆರಾಮಾಗಿ ಕೂತ್ಕೊಳ್ಳಿ’ ಎಂದ. ಅದರಲ್ಲಿ ಒಂದು ಚೂರೂ ಕೆಡುಕಿರಲಿಲ್ಲ. ಆ ವರ್ಷದ ರಾಜ್ಯೋತ್ಸವದಲ್ಲಿ ಅಮ್ಮನಿಗೆ ಶಾಲು ಹೊದಿಸಿ ಹಣ್ಣಿನ ತಟ್ಟೆ ಕೊಟ್ಟರು. ಮೈಕು ಕೊಡಲಿಲ್ಲ. ಸಮಿತಿಯಲ್ಲಿ 60 ದಾಟಿದ ಒಬ್ಬರೂ ಇರಲಿಲ್ಲ. ಕಾರ್ಯಕ್ರಮ ರಾತ್ರಿ ಹನ್ನೊಂದಕ್ಕೆ ಮುಗಿಯಿತು. ಹಗಲು ಹೊತ್ತಿನಲ್ಲಿ ಇಡಿ ಎಂದು ಹಿರಿಯರು ಕೇಳಿದ್ದನ್ನು ಯಾರೂ ಟಿಪ್ಪಣಿ ಮಾಡಿಕೊಳ್ಳಲಿಲ್ಲ. ‘ಆರಾಮಾಗಿ ಕೂತ್ಕೊಳ್ಳಿ’ ಎಂಬುದು ಕನ್ನಡದಲ್ಲಿ ಒಬ್ಬರನ್ನು ಹೊರಗಿಡುವ ಅತ್ಯಂತ ವಿನಯದ ಮಾತು.

ಆದರೆ ಇವರು ನಿಜವಾಗಿ ಆರಾಮಾಗಿ ಕುಳಿತಿದ್ದಾರೆಯೇ? ನಮ್ಮ ಮನೆಗಳ ಲೆಕ್ಕ ನೋಡಿ. ಹೆರಿಗೆಯ ದಿನ ಗೊತ್ತಾದ ಕೂಡಲೇ ನಾವು ಮಾಡುವ ಮೊದಲ ಕೆಲಸ ವಿಸಿಟರ್ ವೀಸಾದ್ದು. ಆರು ತಿಂಗಳು ಹುಡುಗಿಯ ತಂದೆತಾಯಿ, ಅವರು ವಿಮಾನ ಹತ್ತುತ್ತಲೇ ಹುಡುಗನ ತಂದೆತಾಯಿ. ಬಾಣಂತನ, ಅಡಿಗೆ, ಮಗುವಿನ ನಿದ್ದೆ, ಶಾಲೆಯ ಬಸ್ಸಿಗಾಗಿ ಕಾಯುವುದು, ಎಲ್ಲವೂ ಅವರ ಹೆಗಲ ಮೇಲೆ. ಅವರು ಕೊಂಡುಬರುವ ಪ್ರವಾಸಿ ವಿಮೆ ಸಾಮಾನ್ಯವಾಗಿ ಅವರಿಗೆ ಮೊದಲೇ ಇರುವ ಕಾಯಿಲೆಗಳ ಖರ್ಚು ಭರಿಸುವುದಿಲ್ಲ. ಎದೆ ನೋವು ಬಂದರೂ ‘ಗ್ಯಾಸ್ ಇರಬೇಕು’ ಎಂದು ಸುಮ್ಮನಿರುವ ಅಜ್ಜಂದಿರನ್ನು ನೀವೂ ನೋಡಿದ್ದೀರಿ. ಶ್ರಮದ ಬಗ್ಗೆ ಇಷ್ಟೊಂದು ಬರೆಯುವ ನಾವು ನಮ್ಮ ಮನೆಯೊಳಗಿನ ಈ ಕೂಲಿಯಿಲ್ಲದ ಶ್ರಮವನ್ನು ಶ್ರಮವೆಂದು ಕರೆದಿಲ್ಲ. ‘ಮೊಮ್ಮಕ್ಕಳ ಜೊತೆ ಕಾಲ ಕಳೆಯುತ್ತಿದ್ದಾರೆ’ ಎಂದೇ ಹೇಳುತ್ತೇವೆ.

ಶಾಶ್ವತವಾಗಿ ಬಂದವರ ಸ್ಥಿತಿಯನ್ನು ಕಾನೂನೇ ಬರೆದಿಟ್ಟಿದೆ. ತಂದೆತಾಯಿಯ ಗ್ರೀನ್ ಕಾರ್ಡಿಗಾಗಿ ಮಕ್ಕಳು ‘ಅಫಿಡವಿಟ್ ಆಫ್ ಸಪೋರ್ಟ್’ ಎಂಬ ಪತ್ರಕ್ಕೆ ಸಹಿ ಹಾಕಬೇಕು. ಅವರು ಪೌರತ್ವ ಪಡೆಯುವವರೆಗೆ, ಇಲ್ಲವೇ ಸುಮಾರು ಹತ್ತು ವರ್ಷದ ದುಡಿಮೆ ಲೆಕ್ಕಕ್ಕೆ ಬರುವವರೆಗೆ, ಮಕ್ಕಳ ಹೊಣೆ ಮುಗಿಯುವುದಿಲ್ಲ. ಇಲ್ಲಿ ದುಡಿದ ದಾಖಲೆಯಿಲ್ಲದವರು ಮೆಡಿಕೇರ್ ಸೇರಬೇಕಾದರೆ 65 ತುಂಬಿರಬೇಕು, ಐದು ವರ್ಷ ಸತತವಾಗಿ ಇಲ್ಲೇ ವಾಸಿಸಿರಬೇಕು, ಆಮೇಲೆ ತಿಂಗಳ ಕಂತು ಕಟ್ಟಬೇಕು. ಪೌರತ್ವದ ಪರೀಕ್ಷೆಯಲ್ಲಿ ಇಂಗ್ಲಿಷಿನಿಂದ ವಯಸ್ಸಿನ ಆಧಾರದ ವಿನಾಯಿತಿ ಇದೆ: 55 ದಾಟಿ 15 ವರ್ಷ, ಅಥವಾ 50 ದಾಟಿ 20 ವರ್ಷ ಗ್ರೀನ್ ಕಾರ್ಡಿನಲ್ಲಿ ಕಳೆದಿರಬೇಕು. ಅಂದರೆ 68ಕ್ಕೆ ಬಂದ ನನ್ನ ಅಮ್ಮ ತನಗೆ ಗೊತ್ತಿರುವ ಭಾಷೆಯಲ್ಲಿ ಈ ಪರೀಕ್ಷೆ ಬರೆದು ಮತದಾರಳಾಗಲು 83ರವರೆಗೆ ಕಾಯಬೇಕು. ಕನ್ನಡದಲ್ಲಿ ನೂರಾರು ಮಕ್ಕಳಿಗೆ ಪೌರನೀತಿಯನ್ನೂ ಹೇಳಿಕೊಟ್ಟ ಟೀಚರು ಈಕೆ.

ತಾಯ್ನಾಡಿನಲ್ಲೂ ದಾರಿ ಬೇರೆಯೇನಲ್ಲ. ಭಾರತದ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಮೊದಲು ಬೆರಳು ತೋರಿಸುವುದು ಮಕ್ಕಳ ಕಡೆಗೆ. ಇತ್ತ ಬಡ ವೃದ್ಧರ ಪಿಂಚಣಿಯಲ್ಲಿ ಕೇಂದ್ರ ಸರ್ಕಾರದ ಪಾಲು 60ರಿಂದ 79ರವರೆಗಿನವರಿಗೆ ತಿಂಗಳಿಗೆ 200 ರೂಪಾಯಿ. ಹದಿನೈದು ವರ್ಷಗಳಿಗೂ ಮೀರಿ ಆ ಅಂಕಿ ಅಲುಗಾಡಿಲ್ಲ. ಕರ್ನಾಟಕದಂಥ ರಾಜ್ಯಗಳು ತಮ್ಮ ಪಾಲು ಸೇರಿಸಿ ಸಂಧ್ಯಾ ಸುರಕ್ಷಾದಂಥ ಯೋಜನೆಗಳನ್ನು ನಡೆಸುತ್ತಿರುವುದರಿಂದ ಬಡಬದುಕು ಹೇಗೋ ಸಾಗಿದೆ. ಎರಡೂ ಪ್ರಭುತ್ವಗಳು ಮುಪ್ಪನ್ನು ಕುಟುಂಬದ ಖಾಸಗಿ ಸಂಗತಿಯಾಗಿಸಿ ಕೈತೊಳೆದುಕೊಂಡಿವೆ. ಹೀಗೆ ಅವಲಂಬನೆಯನ್ನು ಕಾನೂನಿನಿಂದಲೇ ಕಟ್ಟಿ, ಆಮೇಲೆ ‘ವಯಸ್ಸಾದವರು ಮಕ್ಕಳಿಗೆ ಹೊರೆ’ ಎನ್ನುವುದು ಯಾವ ನ್ಯಾಯ?

ಇನ್ನು ನಮ್ಮ ಬಡಾವಣೆಗಳು. ಕಾರು ಓಡಿಸದವರಿಗೆ ಇಲ್ಲಿ ಕಾಲೇ ಇಲ್ಲ. ಎಷ್ಟೋ ರಸ್ತೆಗಳಿಗೆ ಕಾಲುದಾರಿಯಿಲ್ಲ, ಬಸ್ಸಿಲ್ಲ, ಕೂರಲು ಒಂದು ಕಲ್ಲುಬೆಂಚಿಲ್ಲ. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್ನಿನಲ್ಲಿ ನಡೆದದ್ದನ್ನು ನೆನೆಯಿರಿ. ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57 ವರ್ಷದ ಅಜ್ಜ ಮಗನ ಮನೆಯ ಬೀದಿಯಲ್ಲಿ ಬೆಳಗಿನ ಹೊತ್ತು ನಡೆಯುತ್ತಿದ್ದರು. ನೆರೆಯವರೊಬ್ಬರು ಪೊಲೀಸರಿಗೆ ಫೋನು ಮಾಡಿದರು. ಇಂಗ್ಲಿಷ್ ಬಾರದ ಆ ಮನುಷ್ಯನನ್ನು ಪೊಲೀಸ್ ಅಧಿಕಾರಿ ನೆಲಕ್ಕೆ ಕೆಡವಿದ. ಬೆನ್ನುಹುರಿಗೆ ಪೆಟ್ಟಾಗಿ ಅವರು ಭಾಗಶಃ ಪಾರ್ಶ್ವವಾಯುವಿಗೆ ತುತ್ತಾದರು. ಎರಡು ಬಾರಿ ನಡೆದ ವಿಚಾರಣೆಯಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಕೊನೆಗೆ ನ್ಯಾಯಾಧೀಶರು ಅಧಿಕಾರಿಯನ್ನು ಖುಲಾಸೆ ಮಾಡಿದರು. ಇದು ಜನಾಂಗದ್ವೇಷವೆಂದು ನಾವು ಸರಿಯಾಗಿಯೇ ಗುರುತಿಸಿದೆವು. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಿತ್ತು. ಅಜ್ಜ ಅಜ್ಜಿಯರು ಬೀದಿಯಲ್ಲಿ ಕಾಣಿಸುವುದೇ ಅಪರೂಪವಾದ ಊರಿನಲ್ಲಿ ಮಾತ್ರ ನಡೆಯುವ ಒಬ್ಬ ಅಜ್ಜ ಸಂಶಯಕ್ಕೆ ಕಾರಣನಾಗುತ್ತಾನಲ್ಲವೇ?

ಇಷ್ಟು ಹೇಳಿದಾಗ ನಿಮಗೆ ನಿಮ್ಮ ತಂದೆತಾಯಿಯರ ನೆನಪಾಗಿರಬಹುದು. ಈಗ ನಿಮ್ಮನ್ನು ನೆನೆಯಿರಿ. 1990ರ ದಶಕದಲ್ಲಿ ಎಚ್-1ಬಿ ವೀಸಾ ಹಿಡಿದು ಬಂದ ನಮ್ಮ ಪೀಳಿಗೆ ಈಗ 55, 60ರ ಹತ್ತಿರ ಇದೆ. ಕೆಲಸದಿಂದ ತೆಗೆದವರ ಪಟ್ಟಿ ಬಂದಾಗ ಅದರಲ್ಲಿ ಯಾರ ಹೆಸರು ಹೆಚ್ಚಿರುತ್ತದೆಂದು ನಾವು ಪಿಸುಗುಡುತ್ತೇವೆ. ರೆಸ್ಯೂಮೆಯಿಂದ ಪದವಿ ಪಡೆದ ವರ್ಷವನ್ನು ಅಳಿಸುತ್ತೇವೆ, ವಿಡಿಯೋ ಸಂದರ್ಶನಕ್ಕೆ ಮೊದಲು ತಲೆಗೆ ಬಣ್ಣ ಹಚ್ಚುತ್ತೇವೆ. 40 ದಾಟಿದವರ ವಿರುದ್ಧ ಉದ್ಯೋಗದಲ್ಲಿ ತಾರತಮ್ಯ ಮಾಡಬಾರದೆಂಬ ಕಾನೂನು ಈ ದೇಶದಲ್ಲಿ 1967ರಿಂದ ಇದೆ. ಆದರೆ ವಯಸ್ಸೇ ನಿರ್ಣಾಯಕ ಕಾರಣವೆಂದು ಕಾರ್ಮಿಕನೇ ಸಾಬೀತು ಮಾಡಬೇಕೆಂದು 2009ರಲ್ಲಿ ಸುಪ್ರೀಂ ಕೋರ್ಟು ಹೇಳಿ, ಆ ಕಾನೂನಿನ ಹಲ್ಲು ಮೊಂಡಾಯಿತು. 1970ರಲ್ಲಿ, 65 ತುಂಬಿತೆಂಬ ಕಾರಣಕ್ಕೆ ಕೆಲಸದಿಂದ ಕಳಿಸಲ್ಪಟ್ಟ ಮ್ಯಾಗಿ ಕೂನ್ ಮನೆಗೆ ಹೋಗಿ ಆರಾಮಾಗಿ ಕೂರಲಿಲ್ಲ. ಗೆಳತಿಯರನ್ನು ಕೂಡಿಸಿ ‘ಗ್ರೇ ಪ್ಯಾಂಥರ್ಸ್’ ಚಳವಳಿ ಕಟ್ಟಿದರು. ವಿಯೆಟ್ನಾಂ ಯುದ್ಧವನ್ನು ವಿರೋಧಿಸುತ್ತಿದ್ದ ತರುಣರನ್ನು ಜೊತೆಗೆ ಸೇರಿಸಿಕೊಂಡರು. ಕಡ್ಡಾಯ ನಿವೃತ್ತಿಯ ಮಿತಿ 1978ರಲ್ಲಿ 70ಕ್ಕೆ ಏರಿ, 1986ರಲ್ಲಿ ಬಹುಪಾಲು ಕೆಲಸಗಳಿಂದ ಮರೆಯಾದದ್ದು ಅಂಥವರ ಹೋರಾಟದ ಫಲ.

ಪ್ರಗತಿಪರರಾದ ನಮ್ಮಲ್ಲಿ ಒಂದು ಆಕ್ಷೇಪ ಇದ್ದೇ ಇದೆ, ಅದನ್ನು ಮರೆಮಾಚುವುದು ಬೇಡ. ‘ಹಿರಿಯರ ಮಾತು’ ಎಂಬ ಹೆಸರಿನಲ್ಲೇ ಅಲ್ಲವೇ ನಮ್ಮ ಅಂತರ್ಜಾತಿ ಮದುವೆಗಳನ್ನು ತಡೆದದ್ದು, ಹೆಣ್ಣುಮಕ್ಕಳನ್ನು ಓದಿನಿಂದ ಬಿಡಿಸಿದ್ದು? ಹಿರಿತನದ ಯಜಮಾನಿಕೆಯ ವಿರುದ್ಧ ಬಂಡೆದ್ದು ಬಂದ ನಾವು ಮತ್ತೆ ಅದನ್ನೇ ಹೊರಬೇಕೆ? ಖಂಡಿತ ಬೇಡ. ನಾನು ಕೇಳುತ್ತಿರುವುದು ಸಮಾನತೆಯನ್ನು. ಸಮಾನರ ಜೊತೆ ಜಗಳವಾಡಬಹುದು. ಒಮ್ಮೆ ಹೊಸ ನೆರೆಯವರ ಮನೆಗೆ ಹೋಗಿ ಬಂದ ಅಮ್ಮ, ‘ಅವರು ಯಾವ ಜನ?’ ಎಂದು ಕೇಳಿದರು. ಮೊದಲಾದರೆ ‘ವಯಸ್ಸಾಗಿದೆ, ಇವರಿಗೆ ಹೇಳಿ ಏನು ಪ್ರಯೋಜನ’ ಎಂದು ನಾನು ಸುಮ್ಮನಾಗುತ್ತಿದ್ದೆ. ಅವತ್ತು ಸುಮ್ಮನಾಗಲಿಲ್ಲ. ಒಂದು ಗಂಟೆ ವಾದ ನಡೆಯಿತು. ಅಮ್ಮ ಸಿಟ್ಟಾದರು, ನಾನೂ ಸಿಟ್ಟಾದೆ. ಮಾರನೆಯ ದಿನ ಕಾಫಿ ಕುಡಿಯುತ್ತಾ, ‘ನಿನ್ನೆ ನೀನು ಹೇಳಿದ್ದು ಪೂರ್ತಿ ಒಪ್ಪಲ್ಲ. ಆದ್ರೆ ಕೇಳಬಾರದಿತ್ತು ಅನ್ನಿಸ್ತು’ ಎಂದರು. ‘ಇವರು ಇನ್ನು ಬದಲಾಗುವುದಿಲ್ಲ’ ಎಂದು ಕ್ಷಮಿಸಿಬಿಡುವುದು ಉದಾರತೆಯಂತೆ ಕಾಣುತ್ತದೆ. ಒಬ್ಬ ಮನುಷ್ಯನ ಮನಸ್ಸು ಮುಗಿದುಹೋಯಿತೆಂದು ತೀರ್ಪು ಕೊಡುವುದು ಅದು.

ಕನ್ನಡ ಸಾಹಿತ್ಯ ಈ ತೀರ್ಪನ್ನು ಬಹಳ ಹಿಂದೆಯೇ ತಳ್ಳಿಹಾಕಿದೆ. ಕಾರಂತರ ‘ಮೂಕಜ್ಜಿಯ ಕನಸುಗಳು’ 1968ರಲ್ಲಿ ಬಂತು. ದೇವರು, ಸಂಪ್ರದಾಯ, ಗಂಡುಹೆಣ್ಣಿನ ಸಂಬಂಧ, ಎಲ್ಲದರ ಬಗ್ಗೆ ಆ ಕಾದಂಬರಿಯಲ್ಲಿ ಅತ್ಯಂತ ನಿರ್ಭಯವಾಗಿ ಮಾತನಾಡುವುದು ಹಣ್ಣು ಹಣ್ಣು ಮುದುಕಿಯಾದ ಬಾಲವಿಧವೆ. ಮೊಮ್ಮಗ ಸುಬ್ಬರಾಯ ಕೂತು ಕೇಳುವುದರಿಂದಲೇ ಆಕೆ ಮಾತಾಡುತ್ತಾಳೆ. ಕೇಳುವವನಿಲ್ಲದಿದ್ದರೆ ಆಕೆ ಮೂಕಿಯೇ ಆಗಿ ಉಳಿಯುತ್ತಿದ್ದಳು.

ಎಚ್.ಎಸ್. ದೊರೆಸ್ವಾಮಿಯವರನ್ನು ನಾವೆಲ್ಲ ನೆನೆಯುತ್ತೇವೆ. 1918ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡ ಆ ಸ್ವಾತಂತ್ರ್ಯ ಹೋರಾಟಗಾರರು ತೊಂಬತ್ತು ದಾಟಿದ ಮೇಲೂ ಭೂಗಳ್ಳರ ವಿರುದ್ಧ ಧರಣಿ ಕೂತರು, 101ರ ವಯಸ್ಸಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯನ್ನು ವಿರೋಧಿಸಿ ಮಾತನಾಡಿದರು. ಅವರ ಚಿತ್ರ ಹಂಚಿಕೊಂಡು ನಾವು ಹೆಮ್ಮೆಪಟ್ಟೆವು. ಆದರೆ ನೂರು ದಾಟಿದ ವೀರರನ್ನು ಕೊಂಡಾಡುವುದು ಸುಲಭ. ಕಿವಿ ಸ್ವಲ್ಪ ಮಂದವಾದ, ಹೇಳಿದ್ದನ್ನೇ ಎರಡು ಸಲ ಹೇಳುವ, ಜೂಮ್ ಸಭೆಯಲ್ಲಿ ಮೈಕು ತೆರೆಯಲು ತಡಕಾಡುವ 72ರ ಸಾಮಾನ್ಯ ಮನುಷ್ಯನಿಗೆ ನಮ್ಮ ಬಳಗದಲ್ಲಿ ಜಾಗವಿದೆಯೇ ಎಂಬುದೇ ನಿಜವಾದ ಪರೀಕ್ಷೆ. ಸಾಧನೆ ಮಾಡಿದರೆ ಮಾತ್ರ ಮನುಷ್ಯರೆಂದು ಎಣಿಸುವುದೂ ತಾರತಮ್ಯವೇ.

ಹಾಗಾದರೆ ಏನು ಮಾಡೋಣ? ದೊಡ್ಡ ಘೋಷಣೆಗಳು ನನ್ನಲ್ಲಿಲ್ಲ. ಕೈಗೆ ಸಿಗುವಂಥ ನಾಲ್ಕು ಕೆಲಸಗಳಿವೆ.

ಮೊದಲನೆಯದು, ಸಮಿತಿಯ ಕುರ್ಚಿ. ನಮ್ಮ ಪ್ರತಿಯೊಂದು ಸಂಘದ ಕಾರ್ಯಕಾರಿ ಸಮಿತಿಯಲ್ಲಿ 65 ದಾಟಿದ ಇಬ್ಬರಾದರೂ, ಅವರಲ್ಲಿ ಒಬ್ಬ ಮಹಿಳೆಯಾದರೂ, ಮತದ ಹಕ್ಕಿನೊಂದಿಗೆ ಇರಲಿ. ಸನ್ಮಾನದ ಶಾಲಿನ ಹಣವನ್ನು ಕಾರಿಲ್ಲದವರನ್ನು ಕರೆತರುವ ವ್ಯಾನಿಗೆ ಹಾಕೋಣ.

ಎರಡನೆಯದು, ಸರ್ಕಾರದ ಬಾಗಿಲು. 1965ರ ‘ಓಲ್ಡರ್ ಅಮೆರಿಕನ್ಸ್ ಆ್ಯಕ್ಟ್’ ಅಡಿಯಲ್ಲಿ 60 ದಾಟಿದವರಿಗೆ ಸಾಮೂಹಿಕ ಊಟ, ಮನೆಗೆ ತಲುಪಿಸುವ ಊಟ, ಓಡಾಟದ ನೆರವು ಇತ್ಯಾದಿ ಇವೆ. ಆದಾಯದ ಪ್ರಮಾಣಪತ್ರ ಕೇಳುವುದಿಲ್ಲ. ನಮ್ಮ ಕೌಂಟಿಯಲ್ಲೂ ಇದಕ್ಕೊಂದು ಕಚೇರಿಯಿದೆ. ಅಲ್ಲಿ ಹೋಗಿ, ನಮ್ಮವರು ಉಣ್ಣಬಲ್ಲ ಊಟ ಮತ್ತು ನಮ್ಮವರಿಗೆ ತಿಳಿಯುವ ಭಾಷೆ ಬೇಕೆಂದು ಕೇಳೋಣ. ಒಬ್ಬೊಬ್ಬರೇ ಹೋಗಿ ಕೇಳಿದರೆ ಅರ್ಜಿಯಾಗುತ್ತದೆ. ತೆಲುಗರು, ತಮಿಳರು, ಗುಜರಾತಿಗಳು, ಚೀನೀಯರು, ಕಪ್ಪುಜನರ ಚರ್ಚುಗಳು, ಎಲ್ಲರೂ ಕೂಡಿ ಕೇಳಿದರೆ ರಾಜಕೀಯವಾಗುತ್ತದೆ.

ಮೂರನೆಯದು, ಪುರಸಭೆಯ ಸಭೆ. ವಯೋಸ್ನೇಹಿ ನಗರ ಹೇಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಮಾರ್ಗದರ್ಶಿ ಹೊರತಂದಿದೆ. ಕಾಲುದಾರಿ, ಬಸ್ಸು, ಬೆಂಚು, ಶೌಚಾಲಯಗಳೂ ಅದರಲ್ಲಿ ಸೇರಿವೆ. ನಮ್ಮ ಊರಿನ ಸಭೆಯಲ್ಲಿ ನಾಗರಿಕರಿಗೆ ಮಾತನಾಡಲು ಸಮಯವಿದೆ. ಮತವಿಲ್ಲದ ನಮ್ಮ ಅಜ್ಜ ಅಜ್ಜಿಯರೂ ಅಲ್ಲಿ ಎದ್ದು ನಿಂತು ಕನ್ನಡದಲ್ಲೇ ಹೇಳಲಿ. ನಾವು ಪಕ್ಕದಲ್ಲಿ ನಿಂತು ಅನುವಾದಿಸೋಣ, ಈ ಸಲ ಪೂರ್ತಿಯಾಗಿ.

ನಾಲ್ಕನೆಯದು, ದುಭಾಷಿ. ಕೇಂದ್ರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದ ರೋಗಿಗೆ ಉಚಿತವಾಗಿ ದುಭಾಷಿಯ ನೆರವು ಒದಗಿಸಬೇಕು. ಅದು ರೋಗಿಯ ಹಕ್ಕು. ಮಕ್ಕಳಾದ ನಾವು ಬಿಟ್ಟಿ ದುಭಾಷಿಗಳಾಗಿ, ಹಕ್ಕನ್ನೂ ಮಾತನ್ನೂ ಒಟ್ಟಿಗೆ ಕಿತ್ತುಕೊಳ್ಳುತ್ತಿದ್ದೇವೆ.

ಮುಂದಿನ ಸಲ ವೈದ್ಯರ ಬಳಿ ಹೋದಾಗ ನಾನು ದುಭಾಷಿ ಬೇಕೆಂದು ಕೇಳಿದೆ. ಸ್ವಲ್ಪ ಹೊತ್ತು ಕಾಯಬೇಕಾಯಿತು. ಆಮೇಲೆ ಫೋನಿನಲ್ಲಿ, ಯಾವ ಊರಿನಿಂದಲೋ, ಒಂದು ಹೆಣ್ಣುದನಿ ಕೇಳಿಸಿತು: ‘ನಮಸ್ಕಾರ ಅಮ್ಮಾ, ಹೇಳಿ’. ಅಮ್ಮ ನನ್ನ ಕಡೆ ನೋಡಿ, ‘ನೀನು ಹೊರಗೆ ಕೂತ್ಕೊ’ ಎಂದರು. ಇಪ್ಪತ್ತು ನಿಮಿಷ ನಾನು ಹೊರಗೆ ಕೂತಿದ್ದೆ. ಅವತ್ತು ಸಕ್ಕರೆ ಮಾತ್ರೆಯ ಪ್ರಮಾಣ ಬದಲಾಯಿತು. ಮನೆಯಲ್ಲಿ ಅಮ್ಮನ ಕೋಣೆ ಕೆಳಗಿನ ಅಂತಸ್ತಿಗೆ ಬಂತು. ಅಮ್ಮ ಮಿಕ್ಕ ಹೊತ್ತಿನಲ್ಲಿ ಏನು ಹೇಳಿದರೆಂದು ಇವತ್ತಿನವರೆಗೂ ನನಗೆ ಗೊತ್ತಿಲ್ಲ. ಅದು ನನಗೆ ಗೊತ್ತಾಗಬೇಕಾಗಿಯೂ ಇಲ್ಲ.

ಈ ಭಾಷಣದ ಕರಡನ್ನು ನಿನ್ನೆ ರಾತ್ರಿ ಅಮ್ಮನಿಗೆ ಓದಿ ಹೇಳಿ ಒಪ್ಪಿಗೆ ಕೇಳಿದೆ. ಎರಡು ಕಾಗುಣಿತದ ತಪ್ಪು ತಿದ್ದಿದರು. ‘ಪಾಪದ ಮುದುಕಿ ಅನ್ನೋ ಹಾಗೆ ಓದಬೇಡ’ ಎಂದು ಎಚ್ಚರಿಸಿದರು. ಕೊನೆಗೊಂದು ಮಾತು ಸೇರಿಸಲು ಹೇಳಿದರು. ಭಾನುವಾರದ ತರಗತಿಗೆ ಟೀಚರು ಬೇಕಿದ್ದರೆ ಅವರು ಇನ್ನೂ ಸಿದ್ಧವಿದ್ದಾರಂತೆ. ಎರಡನೆಯ ಸಾಲಿನಲ್ಲಿ ಕೂತಿದ್ದಾರೆ. ಸಭೆ ಮುಗಿದ ಮೇಲೆ, ದಯವಿಟ್ಟು ನನ್ನನ್ನು ಕೇಳಬೇಡಿ, ಅವರನ್ನೇ ಕೇಳಿ.